ಅತ್ತೆಯ ಕಾರಿಗೆ ಹೊಸ ಕ್ಲಚ್ಚು

ನಮ್ಮ ಅತ್ತೆ ನನ್ನನ್ನು ‘ನೀವು’ ಎನ್ನುತ್ತಾರೆ. ನನ್ನ ಹೆಂಡತಿಯ ತಂಗಿಯ ಗಂಡನನ್ನು, ಅಂದರೆ ನನ್ನ ಷಡ್ಡಕನನ್ನು, ‘ನೀನು’ ಎನ್ನುತ್ತಾರೆ. ಹದಿನೆಂಟು ವರ್ಷದಿಂದ ಅವರ ಮನೆಯಲ್ಲೇ ಇದ್ದು, ಅವರ ಕೈಯಡುಗೆ ಉಂಡು, ಮಾವನವರ ಕೊನೆಯ ಕಾಯಿಲೆಯಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದವನು ನಾನು. ಅವನು ಭಾನುವಾರ ಮಲ್ಲೇಶ್ವರದಿಂದ ಬಂದು ಸಂಜೆ ಹೊರಟುಹೋಗುವವನು. ಬಹುವಚನವೆಂದರೆ ಗೌರವ ಎಂದು ಹೈಸ್ಕೂಲಿನ ಮಕ್ಕಳಿಗೆ ವರ್ಷ ವರ್ಷವೂ ಪಾಠ ಹೇಳುವ ಕನ್ನಡ ಮೇಷ್ಟ್ರು ನಾನು. ಆದರೂ ಆ ‘ನೀನು’ ಕಿವಿಗೆ ಬಿದ್ದಾಗಲೆಲ್ಲ ಅದು ನನಗೆ ಸಿಗಬಾರದೇ ಎನ್ನಿಸುತ್ತಿತ್ತು.

ಬಸವನಗುಡಿಯಲ್ಲಿ ಮನೆ ಅಳಿಯನಾಗಿರುವುದು ಕಷ್ಟದ ಬದುಕೇನಲ್ಲ. ಹೊತ್ತಿಗೆ ಸರಿಯಾಗಿ ಊಟ ಸಿಗುತ್ತದೆ, ಶಾಲೆ ಹತ್ತಿರದ ಚಾಮರಾಜಪೇಟೆಯಲ್ಲೇ ಇದೆ, ಗಾಂಧಿ ಬಜಾರು ನಡೆದುಹೋಗುವಷ್ಟು ದೂರ. ಆದರೆ ದಿನವೂ ಇರುವವನು ಯಾರ ಕಣ್ಣಿಗೂ ಬೀಳುವುದಿಲ್ಲ. ನಾನು ವಾರವಿಡೀ ಹಾಲು ತಂದರೆ ಅದು ಹಾಲು ಬಂತು ಅಷ್ಟೇ. ನನ್ನ ಷಡ್ಡಕ ಬಂದು ಮಿಕ್ಸಿಯ ತಿರುಪು ಬಿಗಿ ಮಾಡಿದರೆ ಅತ್ತೆ ಅದನ್ನು ಬುಧವಾರದವರೆಗೂ ಹೇಳುತ್ತಿದ್ದರು. ಅವನು ಲಿಫ್ಟ್ ರಿಪೇರಿ ಮಾಡುವ ಒಂದು ಕಂಪನಿಯಲ್ಲಿ ಸೂಪರ್‌ವೈಸರ್. ನಲ್ಲಿ, ಫ್ಯಾನು, ಬಾಗಿಲ ಚಿಲಕ, ಯಾವುದೇ ಆದರೂ ಅವನ ಕೈಗೆ ಸಿಕ್ಕರೆ ಮಾತು ಕೇಳುತ್ತಿತ್ತು. ನನ್ನ ಕೈಗೆ ಸಿಕ್ಕರೆ ಇನ್ನಷ್ಟು ಸೋರುತ್ತಿತ್ತು.

ಮನೆಯಲ್ಲಿ ಒಂದು ಪುಟ್ಟ ಬಿಳಿ ಕಾರಿದೆ. ಚಿಕ್ಕಪೇಟೆಯಲ್ಲಿ ಸೀರೆ ಅಂಗಡಿ ಇಟ್ಟಿದ್ದ ಮಾವನವರು ಬಹಳ ಹಿಂದೆ ಕೊಂಡದ್ದು. ಕೊಂಡ ಮೂರನೆಯ ದಿನ ಅವರು ಅದನ್ನು ಗೇಟಿನ ಕಂಬಕ್ಕೆ ಗುದ್ದಿ, ಇನ್ನು ಮುಟ್ಟುವುದಿಲ್ಲ ಎಂದು ಕೈಮುಗಿದರಂತೆ. ಆಗ ಅತ್ತೆ, ಹತ್ತಿರ ಹತ್ತಿರ ನಲವತ್ತರ ವಯಸ್ಸಿನಲ್ಲಿ, ಡ್ರೈವಿಂಗ್ ಸ್ಕೂಲಿಗೆ ಸೇರಿದರು. ಅಲ್ಲಿಂದ ಮಾವನವರು ಇರುವವರೆಗೂ ದಿನಾ ಬೆಳಿಗ್ಗೆ ಅವರನ್ನು ಪೇಟೆಯ ಅಂಚಿನವರೆಗೆ ಬಿಟ್ಟುಬರುತ್ತಿದ್ದವರು ಅವರೇ. ಈಗ ಎಪ್ಪತ್ತು ದಾಟಿದ್ದಾರೆ. ತರಕಾರಿಗೆಂದು ಒಮ್ಮೆ, ಗುರುವಾರ ಚಾಮರಾಜಪೇಟೆಯ ಅಕ್ಕನ ಮನೆಗೆಂದು ಒಮ್ಮೆ, ವಾರಕ್ಕೆ ಎರಡು ಸಲ ಕಾರು ತೆಗೆಯುತ್ತಾರೆ. ಗುರುವಾರ ನನ್ನನ್ನೂ ಶಾಲೆಯ ಬಳಿ ಇಳಿಸುತ್ತಾರೆ.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಆ ಕಾರು ಏರಿನಲ್ಲಿ ಸೋಲತೊಡಗಿತು. ಎಂಜಿನ್ ಜೋರಾಗಿ ಕೂಗುತ್ತಿತ್ತು, ಕಾರು ಮಾತ್ರ ಮುಂದಕ್ಕೆ ಹೋಗುತ್ತಿರಲಿಲ್ಲ. ಕ್ಲಚ್ ಸವೆದಿದೆ ಎಂದು ನನಗೂ ಗೊತ್ತಾಯಿತು. ಭಾನುವಾರ ಷಡ್ಡಕ ಬಂದರೆ ಮಲ್ಲೇಶ್ವರದ ತನ್ನ ಮೆಕ್ಯಾನಿಕ್ಕಿನ ಹತ್ತಿರ ಒಯ್ಯುತ್ತಾನೆ, ಆಮೇಲೆ ಒಂದು ತಿಂಗಳು ಅದೇ ಮಾತು. ಹಾಗಾಗಬಾರದೆಂದು ಶುಕ್ರವಾರವೇ ರಜೆ ಹಾಕಿ, ನಮ್ಮ ಶಾಲೆಯ ಹಿಂದಿನ ಬೀದಿಯಲ್ಲಿ ಶೆಡ್ ಇಟ್ಟಿರುವ ಒಬ್ಬ ವಯಸ್ಸಾದ ಮೇಸ್ತ್ರಿಯ ಬಳಿ ಕಾರು ಬಿಟ್ಟೆ. ಅವರು ಹಳೆಯ ಕ್ಲಚ್ ಪ್ಲೇಟನ್ನು ತೆಗೆದು ನನ್ನ ಕೈಗಿಟ್ಟು, “ನೋಡಿ ಸಾರ್, ಕಾಗದ ಆಗ್ಬಿಟ್ಟಿದೆ” ಎಂದರು. ಹೊಸ ಸೆಟ್ ಕೂತಿತು. ಶನಿವಾರ ಸಂಜೆ ನಾನೇ ಓಡಿಸಿಕೊಂಡು ಬಂದೆ. ಬೆಣ್ಣೆಯಂತೆ ಬಂತು. ಭಾನುವಾರ ಊಟಕ್ಕೆ ಕೂತಾಗ, “ಕ್ಲಚ್ ಹಾಕಿಸ್ದೆ” ಎಂದು ಷಡ್ಡಕನಿಗೆ ಹೇಳುವಾಗ ನನಗಾದ ಸಂತೋಷವನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಸೋಮವಾರ ಅತ್ತೆ ಕಾರು ತೆಗೆದರು. ನಮ್ಮ ಕಾಂಪೌಂಡಿನಿಂದ ರಿವರ್ಸಿನಲ್ಲೇ ಹೊರಗೆ ಬರಬೇಕು. ನಾನು ಗೇಟು ಹಿಡಿದು ನಿಂತಿದ್ದೆ. ರಿವರ್ಸ್ ಹಾಕಿದ್ದೇ ಕರ್ರ್ರ್ ಎಂದು ಹಲ್ಲು ಕಡಿದಂತೆ ಸದ್ದು. ಎದುರು ಮನೆಯವರು ಪೇಪರಿನಿಂದ ತಲೆ ಎತ್ತಿದರು. ಅತ್ತೆ ಮತ್ತೆ ಪ್ರಯತ್ನಿಸಿದರು. ಮತ್ತೆ ಅದೇ ಸದ್ದು. ಮೂರನೆಯ ಸಲ ಹೇಗೋ ಬಿದ್ದಿತು. ಹಿಂತಿರುಗಿ ಬಂದ ಮೇಲೆ ತರಕಾರಿ ಬ್ಯಾಗು ಕೆಳಗಿಟ್ಟು ಫೋನ್ ತೆಗೆದರು. ಒಳಗಿನ ಕೋಣೆಯಿಂದ ನನಗೆ ಎಲ್ಲಾ ಕೇಳಿಸಿತು.

“ಹೊಸದು ಹಾಕ್ಸಿದಾರೆ ಕಣೋ, ಆದ್ರೂ ಗೇರು ಕಡೀತಿದೆ. ನೀನು ಬಂದು ನೋಡ್ದ್ರೇನೇ ಸರಿಹೋಗೋದು.”

ಭಾನುವಾರಕ್ಕೆ ಇನ್ನೂ ಆರು ದಿನವಿತ್ತು. ಅವನು ಬರುವುದರೊಳಗೆ ಈ ಸದ್ದಿನ ಮೂಲವನ್ನು ನಾನೇ ಕಂಡುಹಿಡಿಯಬೇಕೆಂದು ನಿಶ್ಚಯಿಸಿದೆ.

ಮಂಗಳವಾರ ಶಾಲೆ ಬಿಟ್ಟ ಮೇಲೆ ಮೇಸ್ತ್ರಿಯ ಶೆಡ್ಡಿಗೆ ಹೋದೆ. ಅವರು ಚಹಾ ಕುಡಿಯುತ್ತಾ ಕೇಳಿಸಿಕೊಂಡು ಹೇಳಿದರು: “ಮೊದ್ಲು ಎಂಜಿನ್ ಆಫ್ ಮಾಡಿ ಗೇರ್ ಹಾಕಿ ನೋಡಿ ಸಾರ್. ಸಲೀಸಾಗಿ ಬಿದ್ರೆ ಗೇರ್‌ಬಾಕ್ಸು ಬರಾಬರ್ ಇದೆ ಅಂತ. ಎಂಜಿನ್ ಆನ್ ಇದ್ದಾಗ ಮಾತ್ರ ಕಡಿದ್ರೆ ಕ್ಲಚ್ಚು ಎಂಜಿನ್ನ ಪೂರಾ ಬಿಡ್ತಾ ಇಲ್ಲ. ಪೆಡಲ್ ಒತ್ತಿ ಐದು ಎಣಿಸಿ. ಒಳಗಡೆ ತಿರುಗೋದು ನಿಲ್ಲಬೇಕು. ಆಮೇಲೂ ಕಡಿದ್ರೆ ತನ್ನಿ.”

ಮನೆಗೆ ಬಂದು ಹಾಗೆಯೇ ಮಾಡಿದೆ. ಎಂಜಿನ್ ಆಫ್ ಇದ್ದಾಗ ಎಲ್ಲಾ ಗೇರೂ ಸದ್ದಿಲ್ಲದೆ ಬಿದ್ದವು. ಆನ್ ಮಾಡಿ, ಪೆಡಲ್ ಒತ್ತಿ, ಐದು ಎಣಿಸಿ ರಿವರ್ಸ್ ಹಾಕಿದೆ. ಬಿತ್ತು. ಎಣಿಸದೆ ಹಾಕಿದಾಗ ಸಣ್ಣಗೆ ಒಂದು ಸಲ ಟಿಕ್ ಎಂದಿತು, ಅಷ್ಟೇ. ಬುಧವಾರ ಕಾರನ್ನೇ ಒಯ್ದೆ. ಮೇಸ್ತ್ರಿ ಬಾನೆಟ್ ಎತ್ತಿ, ಪೆಡಲಿನಿಂದ ಕ್ಲಚ್ಚಿಗೆ ಹೋಗುವ ಕೇಬಲ್ಲಿನ ನಟ್ಟನ್ನು ಅರ್ಧ ಸುತ್ತು ಬಿಗಿ ಮಾಡಿದರು. ಟಿಕ್ ಸದ್ದೂ ಹೋಯಿತು.

“ಇದಕ್ಕಿಂತ ಬಿಗಿ ಮಾಡ್ಬಾರ್ದು ಸಾರ್,” ಎಂದರು. “ಕೇಬಲ್ಲು ಸ್ವಲ್ಪ ಸಡಿಲ ಇರ್ಬೇಕು. ಇಲ್ದಿದ್ರೆ ಕಾಲು ಇಡದೇ ಇದ್ರೂ ಕ್ಲಚ್ಚು ಅರ್ಧ ಒತ್ತಿದಂಗೆ ಇರ್ತದೆ. ಏರು ಬಂದ್ರೆ ಹೊಸ ಪ್ಲೇಟು ಸುಟ್ಟೋಗ್ತದೆ.”

ಗುರುವಾರ ಅತ್ತೆ ರಿವರ್ಸ್ ಹಾಕಿದರು. ಕರ್ರ್ರ್. ನಾನು ಪಕ್ಕದ ಸೀಟಿನಲ್ಲಿದ್ದೆ. ಅವರು ಕಣ್ಣುಮುಚ್ಚಿ ಇನ್ನೊಮ್ಮೆ ಹಾಕಿದರು. ಕರ್ರ್ರ್. ಮೊದಲು ನನಗೆ ಬಂದದ್ದು ಕೋಪ. ನಾನು ಓಡಿಸಿದಾಗ ಸುಮ್ಮನಿರುವ ಕಾರು, ಮೇಸ್ತ್ರಿ ಓಡಿಸಿದಾಗ ಸುಮ್ಮನಿರುವ ಕಾರು, ಅವರು ಕೂತಾಗ ಮಾತ್ರ ಯಾಕೆ ಕೂಗಬೇಕು? ಆ ಪ್ರಶ್ನೆಯನ್ನು ಕೋಪದಲ್ಲಲ್ಲದೆ ಸಮಾಧಾನದಲ್ಲಿ ಕೇಳಿಕೊಳ್ಳಲು ನನಗೆ ಶನಿವಾರದವರೆಗೆ ಬೇಕಾಯಿತು.

ಶನಿವಾರ ಮಧ್ಯಾಹ್ನ ಅರ್ಧ ದಿನದ ಶಾಲೆ ಮುಗಿಸಿ ಬಂದು, “ಅತ್ತೆ, ಒಂದ್ನಿಮಿಷ ಕಾರಲ್ಲಿ ಕೂತ್ಕೊಳ್ಳಿ” ಎಂದೆ. ಅವರು ಕೂತು ಎಂಜಿನ್ ಆನ್ ಮಾಡಿದರು. ನಾನು ಬಾಗಿಲು ತೆಗೆದಿಟ್ಟು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಮೊಬೈಲಿನ ಟಾರ್ಚನ್ನು ಅವರ ಪಾದದ ಕಡೆ ಹಿಡಿದೆ.

“ಕ್ಲಚ್ ಒತ್ತಿ.”

ಒತ್ತಿದರು. ಪೆಡಲ್ ಕೆಳಗಿಳಿದು, ನೆಲಕ್ಕೆ ಇನ್ನೂ ಮೂರು ಬೆರಳಷ್ಟು ಇರುವಾಗ ನಿಂತಿತು.

“ಪೂರ್ತಿ ಒತ್ತಿ ಅತ್ತೆ.”

“ಒತ್ತಿದೀನಲ್ಲ.”

“ಇನ್ನೂ ಜಾಗ ಇದೆ.”

ಅವರು ಪ್ರಯತ್ನಿಸಿದರು. ಪಾದ ನಡುಗಿತು, ಪೆಡಲ್ ಇಳಿಯಲಿಲ್ಲ. ತಲೆ ಎತ್ತಿ ನೋಡಿದರೆ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದು ತುಟಿ ಕಚ್ಚಿಕೊಂಡಿದ್ದರು. ಆಗ ಎಲ್ಲಾ ಒಟ್ಟಿಗೆ ಹೊಳೆಯಿತು. ಸವೆದ ಕ್ಲಚ್ಚು ಸ್ವಲ್ಪ ಒತ್ತಿದರೂ ಬಿಡುತ್ತಿತ್ತು, ಅವರ ಅರ್ಧ ಒತ್ತು ಅದಕ್ಕೆ ಸಾಕಾಗುತ್ತಿತ್ತು. ಹೊಸದು ಪೂರ್ತಿ ಒತ್ತು ಕೇಳುತ್ತಿತ್ತು.

“ಮಂಡಿ ನೋವಾ ಅತ್ತೆ?” ಎಂದೆ.

ಅವರ ಮುಖ ಕೆಂಪಾಯಿತು. “ಅವನು ಹೇಳ್ಬಿಟ್ನಾ ನಿಮಗೆ?”

ಗೆದ್ದೆ ಎಂದುಕೊಂಡ ಗಳಿಗೆಯಲ್ಲೇ ನಾನು ಸೋತಿದ್ದೆ. ಟಾರ್ಚ್ ಆರಿಸಿದೆ. ಉಳಿದದ್ದನ್ನು ಅವರೇ ಹೇಳಿದರು. ಬೇಸಿಗೆಯಿಂದ ಎಡಮಂಡಿ ಪೂರ್ತಿ ನೀಡಲಾಗುತ್ತಿರಲಿಲ್ಲ. ಕಿರಿ ಮಗಳ ಮನೆಗೆಂದು ಹೇಳಿ ಹೋದ ಎರಡು ಸಲವೂ ಷಡ್ಡಕ ಅವರನ್ನು ಮಲ್ಲೇಶ್ವರದ ಒಬ್ಬ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದ. ಎಕ್ಸ್‌ರೇ ಆಗಿತ್ತು, ಮಾತ್ರೆ ನಡೆಯುತ್ತಿತ್ತು. ಅದನ್ನು ಅವರು ಮಾವನವರ ಹಳೆಯ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಒಂದೇ ಮನೆ, ಒಂದೇ ಅಡುಗೆಮನೆ. ನನಗೂ ಗೊತ್ತಿಲ್ಲ, ನನ್ನ ಹೆಂಡತಿಗೂ ಗೊತ್ತಿಲ್ಲ.

“ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಕಾರು ಮಾರಿಸ್ತಿದ್ರಿ.”

ಅದು ಸುಳ್ಳಲ್ಲ. ಯುಗಾದಿಯ ಊಟದ ಹೊತ್ತಿನಲ್ಲಿ, ಈಗ ಮೊಬೈಲಲ್ಲಿ ಒತ್ತಿದರೆ ಆಟೋ ಬಾಗಿಲಿಗೇ ಬರುತ್ತದೆ, ಈ ಹಳೆ ಡಬ್ಬ ಯಾಕೆ ಎಂದು ನಾನೇ ಅಂದಿದ್ದೆ.

“ನಿಮ್ಮ ಹೆಂಡ್ತಿಗೆ ಹೇಳ್ಬೇಡಿ,” ಎಂದರು. “ನಾಳೆ ಅವನು ಬರ್ತಾನಲ್ಲ, ಏನಾದ್ರೂ ಮಾಡ್ತಾನೆ.”

ಅಂದು ಸಂಜೆ ನಾನು ಉತ್ತರಪತ್ರಿಕೆ ತಿದ್ದಲು ಕೂತೆ. ಒಂದು ಸಾಲೂ ತಲೆಗೆ ಹೋಗಲಿಲ್ಲ. ಅವರಿಬ್ಬರೂ ಡಾಕ್ಟರ ಬಾಗಿಲಲ್ಲಿ ಪಕ್ಕಪಕ್ಕ ಕೂತಿದ್ದನ್ನೇ ಊಹಿಸುತ್ತಿದ್ದೆ. ಅವನು ಎಕ್ಸ್‌ರೇ ಹಿಡಿದು ಬೆಳಕಿಗೆ ಎತ್ತಿ ನೋಡಿದ್ದನೇ, ಅತ್ತೆ ಅವನ ಭುಜ ಹಿಡಿದು ಮೆಟ್ಟಿಲು ಇಳಿದಿದ್ದರೇ ಎಂದು. ಮಿಕ್ಸಿ, ನಲ್ಲಿ ಇದಕ್ಕೆಲ್ಲ ಉರಿದದ್ದು ಏನೂ ಅಲ್ಲ. ಅವರು ತಮ್ಮ ನೋವನ್ನು ಅವನಿಗೆ ಕೊಟ್ಟಿದ್ದರು. ನನಗೆ ಕೊಟ್ಟಿರಲಿಲ್ಲ.

ಭಾನುವಾರ ಅವನು ಬಂದ. ತಿಂಡಿ ಮುಗಿಸಿ ಅಂಗಿ ಬಿಚ್ಚಿ, ಬನಿಯನ್ನಿನಲ್ಲೇ ಬಾನೆಟ್ ಎತ್ತಿದ. ಅತ್ತೆ ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತರು. ಮಂಡಿಯ ವಿಷಯ ಗೊತ್ತಿದ್ದರಿಂದ ಅವನಿಗೆ ಕಾರಣ ಬೇಗನೇ ಹೊಳೆದಿರಬೇಕು. ಅತ್ತೆಯ ಕಡೆ ಒಮ್ಮೆ ನೋಡಿದ, ಅತ್ತೆ ಅವನ ಕಡೆ ನೋಡಿದರು. ಆ ನೋಟವನ್ನು ನಾನು ಕಾಫಿ ಲೋಟ ಹಿಡಿದು ನೋಡಿದೆ. ನನಗೆ ವಿಷಯ ಗೊತ್ತಾಗಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಅವನು ಕೇಬಲ್ಲಿನ ನಟ್ಟಿಗೆ ಸ್ಪ್ಯಾನರ್ ಹಾಕಿ, ತಿರುಗಿಸುವ ಮುಂಚೆ ನನ್ನ ಕಡೆ ತಿರುಗಿ ಕೇಳಿದ:

“ಅಣ್ಣ, ಇದನ್ನ ಬಿಗಿ ಮಾಡಿದ್ರೆ ಅರ್ಧ ಒತ್ತಿದ್ರೂ ಬಿಡತ್ತೆ. ಕಾರು ನಂಗೆ ಅಷ್ಟಾಗಿ ಗೊತ್ತಿಲ್ಲ. ಮೇಸ್ತ್ರಿ ಇದ್ರ ಬಗ್ಗೆ ಏನಾದ್ರೂ ಹೇಳಿದ್ರಾ?”

“ಏನೂ ಹೇಳ್ಲಿಲ್ಲ,” ಎಂದೆ.

ಅವನು ಎರಡು ಸುತ್ತು ಬಿಗಿ ಮಾಡಿದ. ಅತ್ತೆ ಬಂದು ಕೂತು ರಿವರ್ಸ್ ಹಾಕಿದರು. ಒಂದು ಚೂರೂ ಸದ್ದಿಲ್ಲ. “ನೋಡಿದ್ರಾ, ನಾನು ಹೇಳ್ಲಿಲ್ವಾ!” ಎಂದು ಚಪ್ಪಾಳೆ ತಟ್ಟಿದರು. ಅಂದು ಅವನಿಗೆಂದು ಹೋಳಿಗೆ ಮಾಡಿದರು. ನಾನೂ ಎರಡು ತಿಂದೆ. ಮುಂದಿನ ಏರಿನಲ್ಲಿ ಅವನ ಹೆಸರು ಕೆಡುತ್ತದೆ ಎಂದು ಯೋಚಿಸುತ್ತಾ ತಿಂದೆ. ಆ ಏರಿನಲ್ಲಿ ಸ್ಟಿಯರಿಂಗ್ ಹಿಡಿದು ಕೂತಿರುವವರು ಯಾರು ಎಂದು ಯೋಚಿಸಲಿಲ್ಲ.

ಗುರುವಾರ ಬೆಳಿಗ್ಗೆ ಚಾಮರಾಜಪೇಟೆಗೆ ಇಳಿಯುವಾಗ ಏನೂ ಆಗಲಿಲ್ಲ. ಸಂಜೆ ಅತ್ತೆ ಅಕ್ಕನ ಮನೆಯಿಂದ ಶಾಲೆಯ ಬಳಿ ಬಂದು ನನ್ನನ್ನು ಹತ್ತಿಸಿಕೊಂಡರು. ಬುಲ್ ಟೆಂಪಲ್ ರಸ್ತೆಯಲ್ಲಿ ವಾಹನಗಳು ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತಾ ಹೋಗುತ್ತಾ ಇದ್ದವು. ಏರು ಶುರುವಾದ ಮೇಲೆ ಸುಟ್ಟ ವಾಸನೆ ಬಂತು. ಅತ್ತೆ ಆಕ್ಸಿಲರೇಟರ್ ಒತ್ತಿದರು. ಎಂಜಿನ್ ಕೂಗಿತು, ಕಾರು ಕದಲಲಿಲ್ಲ. ಆಮೇಲೆ ನಿಧಾನವಾಗಿ ಹಿಂದಕ್ಕೆ ಜಾರತೊಡಗಿತು. ಹಿಂದೆ ಬಸ್ಸಿತ್ತು. ಅದರ ಹಾರ್ನ್ ನನ್ನ ಬೆನ್ನಿನೊಳಗೇ ಬಾರಿಸಿದಂತಾಯಿತು.

“ಬ್ರೇಕ್ ಅತ್ತೆ, ಬ್ರೇಕ್!” ಎನ್ನುತ್ತಾ ಹ್ಯಾಂಡ್‌ಬ್ರೇಕ್ ಎಳೆದೆ. ಕಾರು ನಿಂತಿತು. ಬಸ್ಸಿನ ಮುಖಕ್ಕೂ ನಮ್ಮ ಹಿಂಬದಿಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ತೂರುವಷ್ಟು ಜಾಗವಿತ್ತು.

ದಾರಿಹೋಕರು ನಾಲ್ಕು ಜನ ಸೇರಿ ಕಾರನ್ನು ಪಕ್ಕಕ್ಕೆ ತಳ್ಳಿಕೊಟ್ಟರು. ಮರದಡಿ ಹೂ ಮಾರುತ್ತಿದ್ದ ಹೆಂಗಸು ಅತ್ತೆಗೆ ನೀರು ಕೊಟ್ಟು ತನ್ನ ಸ್ಟೂಲು ಬಿಟ್ಟುಕೊಟ್ಟಳು. ಅತ್ತೆ ನೀರಿನ ಲೋಟ ಹಿಡಿದು ಕಾರನ್ನೇ ನೋಡುತ್ತಿದ್ದರು.

“ಎಲ್ಲಾ ನನ್ನ ಕಾಲಿಂದ್ಲೇ ಆಗಿದ್ದು,” ಎಂದರು. “ಯಾರನ್ನಾದ್ರೂ ಕೊಂದುಬಿಡ್ತಿದ್ದೆ. ಸಾಕು. ಮಾರಿಬಿಡಿ.”

ಯುಗಾದಿಯಲ್ಲಿ ನಾನು ಕೇಳಬೇಕೆಂದಿದ್ದ ಮಾತು ಅದು. ಈಗ ಕೇಳಲಾಗಲಿಲ್ಲ.

“ನಿಮ್ಮ ಕಾಲಿಂದಲ್ಲ ಅತ್ತೆ,” ಎಂದೆ. “ಬಿಗಿ ಮಾಡಿದ್ರೆ ಸುಟ್ಟೋಗತ್ತೆ ಅಂತ ಮೇಸ್ತ್ರಿ ಹೇಳಿದ್ರು. ಅವನು ಕೇಳ್ದ. ನಾನು ಏನೂ ಹೇಳ್ಲಿಲ್ಲ ಅಂದ್ಬಿಟ್ಟೆ.”

ಅತ್ತೆ ಲೋಟ ಕೆಳಗಿಟ್ಟರು. ಹೂವಿನವಳು ತನ್ನ ಪಾಡಿಗೆ ಮೊಳ ಹಾಕುತ್ತಿದ್ದಳು.

“ಅವನ ಮೇಲೆ ಅಷ್ಟೊಂದು ಹೊಟ್ಟೆಕಿಚ್ಚಾ ನಿಮಗೆ?”

“ಹೂಂ.”

“ಯಾಕೆ? ನಾನೇನು ನಿಮಗೆ ಕಡಿಮೆ ಮಾಡಿದೀನಿ?”

“ಅವನಿಗೆ ಹೇಳಿದ್ರಿ. ನಂಗೆ ಹೇಳ್ಲಿಲ್ಲ.”

ಐವತ್ತು ದಾಟಿದ ಗಂಡಸು ಬುಲ್ ಟೆಂಪಲ್ ರಸ್ತೆಯ ಫುಟ್‌ಪಾತಿನ ಮೇಲೆ ನಿಂತು ಹಾಗೆಂದೆ. ನನ್ನ ದನಿ ನನಗೇ ಏಳನೇ ಕ್ಲಾಸಿನ ಹುಡುಗನದು ಅನ್ನಿಸಿತು. ಅತ್ತೆ ನಗಲಿಲ್ಲ.

“ಅವನು ಸಂಜೆ ಎದ್ದು ಹೋಗ್ತಾನೆ,” ಎಂದರು. “ಅವನಿಗೆ ಹೇಳಿದ್ರೆ ಅದು ಅವನ ಜೊತೇನೇ ಹೋಗತ್ತೆ. ನಿಮಗೆ ಹೇಳಿದ್ರೆ ಬೆಳಿಗ್ಗೆ ಎದ್ದ ತಕ್ಷಣ ನೀವು ನನ್ನ ಕಾಲು ನೋಡ್ತೀರಿ. ನಾನು ಮೆಟ್ಲು ಹತ್ತಿದ್ರೆ ನೋಡ್ತೀರಿ. ಮನೇಲಿ ಇರೋರ ಹತ್ರ ಮುದುಕಿ ಆಗೋದು ಕಷ್ಟ ಕಣ್ರೀ.”

ಮೇಸ್ತ್ರಿಗೆ ಫೋನ್ ಮಾಡಿದೆ.

ಅವರು ಸ್ಕೂಟರಿನಲ್ಲಿ ಬಂದು ಬಾನೆಟ್ ಎತ್ತಿ ಮೂಸಿ ನೋಡಿ, ಕೇಬಲ್ಲನ್ನು ಮೊದಲಿದ್ದಷ್ಟಕ್ಕೆ ಸಡಿಲಿಸಿದರು. ಪ್ಲೇಟು ಪೂರ್ತಿ ಹೋಗಿಲ್ಲ, ಆಯುಷ್ಯ ಒಂದಿಷ್ಟು ಕಡಿಮೆಯಾಗಿದೆ ಎಂದರು. ಯಾರು ಬಿಗಿ ಮಾಡಿದ್ದು ಎಂದು ಕೇಳಿದರು. “ತಪ್ಪು ನಂದು” ಎಂದೆ. ಅತ್ತೆಯೇ ಮುಂದೆ ಬಂದು ತಮ್ಮ ಮಂಡಿಯ ವಿಷಯ ಹೇಳಿದರು. ಮೇಸ್ತ್ರಿ ತಮ್ಮ ಪ್ಯಾಂಟಿನ ಮೇಲಿಂದಲೇ ಮಂಡಿ ತಟ್ಟಿಕೊಂಡು, “ನಂದೂ ಅದೇ ಕಥೆ ಅಮ್ಮಾ. ನಮಾಜಿಗೆ ಕುರ್ಚಿ ಹಾಕ್ಕೊಂಡೇ ಕೂರ್ತೀನಿ” ಎಂದರು. ಕಾರು ಶೆಡ್ಡಿಗೆ ಹೋಯಿತು. ಅಲ್ಲಿ ಅವರು ಚಾಲಕರ ಸೀಟನ್ನು ಅದರ ಕೆಳಗಿನ ಹಳಿಯಲ್ಲಿ ಎರಡು ಹಲ್ಲು ಮುಂದಕ್ಕೆ ಸರಿಸಿ, ಪೆಡಲಿನ ಕೆಳಗೆ ಸಿಕ್ಕಿಕೊಳ್ಳುತ್ತಿದ್ದ ದಪ್ಪ ನಾರಿನ ಮ್ಯಾಟನ್ನು ಎತ್ತಿ ಬಿಸಾಡಿದರು. ಎರಡು ಬೆರಳು ದಪ್ಪದ ರಬ್ಬರ್ ತುಂಡೊಂದನ್ನು ಕತ್ತರಿಸಿ ಪೆಡಲಿನ ಮುಖಕ್ಕೆ ಬೋಲ್ಟ್ ಹಾಕಿ ಕೂರಿಸಿದರು.

“ಕಾಲು ಪೆಡಲ್‌ತಾವ ಹೋಗಲ್ಲಾಂದ್ರೆ ಪೆಡಲ್ಲೇ ಕಾಲ್‌ತಾವ ಬರಲಿ,” ಎಂದರು.

ಅತ್ತೆ ಕೂತರು. ಈ ಸಲ ಪೆಡಲ್ ತಳ ಮುಟ್ಟಿತು. ರಿವರ್ಸ್ ಬಿತ್ತು. ಮತ್ತೆ ತೆಗೆದು ಹಾಕಿದರು, ಮತ್ತೆ ಬಿತ್ತು. ಐದಾರು ಸಲ ಹಾಗೆಯೇ ಮಾಡಿದರು.

ಮನೆಗೆ ಬಂದು ನಾನು ಷಡ್ಡಕನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಆ ಕಡೆ ಯಾವುದೋ ಕಟ್ಟಡದ ಸದ್ದು ಕೇಳುತ್ತಿತ್ತು. ಅವನು ಬೈಯುತ್ತಾನೆ ಎಂದುಕೊಂಡಿದ್ದೆ.

“ನಾನು ನಿಮ್ಮನ್ನ ಕೇಳ್ದೆ ತಾನೇ ಅಣ್ಣ?” ಎಂದ. ಅಷ್ಟೇ. ಆಮೇಲೆ, “ಅತ್ತೆಗೆ ಏನೂ ಆಗಿಲ್ಲ ತಾನೆ?” ಎಂದು ಕೇಳಿ ಇಟ್ಟುಬಿಟ್ಟ.

ಆ ಭಾನುವಾರ ಅವನು ಬರಲಿಲ್ಲ. ಕೆಲಸ ಇದೆಯಂತೆ ಎಂದು ನನ್ನ ಹೆಂಡತಿ ಹೇಳಿದಳು. ಅತ್ತೆ ಅವನಿಗಿಷ್ಟದ ಗೊಜ್ಜು ಮಾಡಿದ್ದರು, ಅದನ್ನು ನಮಗೇ ಬಡಿಸಿದರು. ಇಷ್ಟು ವರ್ಷ ಅವನಿಲ್ಲದ ಭಾನುವಾರ ಬೇಕೆಂದು ನಾನು ಎಷ್ಟು ಸಲ ಆಸೆಪಟ್ಟಿದ್ದೆನೋ. ಅದು ಬಂದಾಗ ಅವನು ಕೂರುವ ಜಾಗವನ್ನೇ ನೋಡುತ್ತಾ ಉಂಡೆ. ಮಂಡಿಯ ವಿಷಯವನ್ನು ಅತ್ತೆ ಅಂದೇ ನನ್ನ ಹೆಂಡತಿಗೆ ಹೇಳಿದರು, ಅವಳು ಅತ್ತಳು, ನಮ್ಮಿಬ್ಬರ ಮೇಲೂ ರೇಗಿದಳು.

ಮುಂದಿನ ಭಾನುವಾರ ಅವನು ಬಂದ. ಬಂದವನು ಮೊದಲು ಕಾರಿನ ಬಾಗಿಲು ತೆಗೆದು ಬಗ್ಗಿ ಪೆಡಲಿನ ಮೇಲಿನ ರಬ್ಬರನ್ನು ಬೆರಳಿನಿಂದ ಒತ್ತಿ ನೋಡಿದ. “ಚೆನ್ನಾಗಿ ಮಾಡಿದಾರೆ,” ಎಂದ. ನಾನು ಕಾಫಿ ತಂದುಕೊಟ್ಟೆ. ತೆಗೆದುಕೊಂಡ. ಈಗಲೂ ಏನಾದರೂ ಕೇಳಬೇಕಾದರೆ ಅವನು ನನ್ನನ್ನು ಕೇಳುವ ಮುಂಚೆ ಒಂದು ಕ್ಷಣ ತಡೆಯುತ್ತಾನೆ. ಅದು ನಾನೇ ಸಂಪಾದಿಸಿಕೊಂಡದ್ದು.

ಅತ್ತೆ ಈಗಲೂ ವಾರಕ್ಕೆರಡು ಸಲ ಕಾರು ತೆಗೆಯುತ್ತಾರೆ, ಆದರೆ ಸಂಜೆಯ ಏರಿಗೆ ಹೋಗುವುದಿಲ್ಲ. ಬೆಳಿಗ್ಗೆ ಮಂಡಿಯ ಕೆಳಗೆ ಸುತ್ತಿದ ಟವಲ್ ಇಟ್ಟುಕೊಂಡು ವ್ಯಾಯಾಮ ಮಾಡುತ್ತಾರೆ. ಬಾಗಿಲು ಹಾಕಿಕೊಂಡು ಮಾಡುತ್ತಾರೆ, ನಾನು ನೋಡದ ಹಾಗೆ. ಡಾಕ್ಟರ ಬಳಿ ಕರೆದುಕೊಂಡು ಹೋಗುವವನು ಇಂದಿಗೂ ಅವನೇ. ನಾನು ಬರಲಾ ಎಂದು ಒಮ್ಮೆ ಕೇಳಿದೆ. “ನಿಮಗೆ ಶಾಲೆ ಇರತ್ತಲ್ಲ” ಎಂದರು.

ಮೊನ್ನೆ ಇಬ್ಬರೂ ಅಲ್ಲಿಂದ ನಗುತ್ತಾ ಬಂದರು. ಕಾಯುವ ಕೋಣೆಯಲ್ಲಿ ಒಬ್ಬರು ಅಜ್ಜಿ ಷಡ್ಡಕನನ್ನು ಡಾಕ್ಟರೆಂದು ತಿಳಿದು ಕಾಲು ನೀಡಿ ತೋರಿಸಿದರಂತೆ, ಅವನು ಗಂಭೀರವಾಗಿ ನೋಡಿ “ಕೀಲಿಗೆ ಎಣ್ಣೆ ಬಿಡ್ಬೇಕು” ಎಂದನಂತೆ. ಅತ್ತೆ ಹೇಳಿ ಮುಗಿಸುವಷ್ಟರಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅಲ್ಲಿರಬೇಕಿತ್ತು ನಾನು ಎಂದು ಹೊಟ್ಟೆ ಉರಿಯಿತು. ಆಮೇಲೆ ಆ ಅಜ್ಜಿ ಏನೆಂದರು ಎಂದು ಕೇಳಿದೆ. ಅತ್ತೆ ಮತ್ತೆ ಮೊದಲಿನಿಂದ ಹೇಳತೊಡಗಿದರು.